'ಕ್ರಮ ಕೈಗೊಳ್ಳಲಾಗುವುದು' ಅಂತಾರಲ್ಲ, ಯಾರು ಸ್ವಾಮಿ ಕೈಗೊಳ್ಳೋದು?

ಸಂತೇಬೆನ್ನೂರಿನ ಅಡಿಕೆ, ಜಗಳೂರಿನ ನೀರು, ಬಗರ್‌ಹುಕುಂ ಜಮೀನು ಮೂರೂ ಬೇರೆ ಬೇರೆ ಸಮಸ್ಯೆಗಳ ಹಾಗೆ ಕಾಣುತ್ತವೆ. ಮೂರರ ಕಾಗದಪತ್ರಗಳನ್ನು ಒಟ್ಟಿಗಿಟ್ಟು ಓದಿದರೆ ಒಂದೇ ರೋಗ ಕಾಣುತ್ತದೆ: ಓದಿದವರಿಗೆ ಅರ್ಥವಾಗಬಾರದು ಎಂಬಂತೆ ಬರೆದ ಕನ್ನಡ.

ದನದ ಸಂತೆಯಲ್ಲಿ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ನೋಡಿದವರಿಗೆ ಗೊತ್ತು. ದಲ್ಲಾಳಿ ಹೆಗಲ ಮೇಲಿನ ಟವೆಲ್ ಇಳಿಸಿ, ಅದರ ಕೆಳಗೆ ಇನ್ನೊಬ್ಬರ ಕೈ ಹಿಡಿಯುತ್ತಾನೆ. ಬೆರಳು ಒತ್ತಿದರೆ ಒಂದು ಲೆಕ್ಕ, ಮಡಿಸಿದರೆ ಇನ್ನೊಂದು. ಸುತ್ತ ನಿಂತ ಇಪ್ಪತ್ತು ಜನಕ್ಕೆ ಬೆಲೆ ಗೊತ್ತಾಗಲ್ಲ. ಗುಟ್ಟಿನ ಭಾಷೆ ಹೌದು, ಆದರೂ ಅದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಯಾರ ಕೈ ಟವೆಲ್ ಕೆಳಗಿದೆಯೋ ಅವರಿಗೆ ಅದರ ಅರ್ಥ ಪೂರ್ತಿ ಗೊತ್ತಿರುತ್ತದೆ.

ಸರ್ಕಾರದ ಭಾಷೆಯಲ್ಲಿ ಈ ಸೌಲಭ್ಯವೂ ಇಲ್ಲ. ಇಲ್ಲಿ ಟವೆಲ್ ಕೆಳಗೆ ಇರೋದು ರೈತನದೇ ಕೈ. ಆದರೆ ಬೆರಳು ಒತ್ತಿದಾಗ ಎಷ್ಟು ಎಣಿಸಬೇಕು ಅಂತ ಅವನಿಗೇ ಗೊತ್ತಿಲ್ಲ.

ಹೆಸರಿನಲ್ಲೇ ಸಂತೆ ಇಟ್ಟುಕೊಂಡ ಸಂತೇಬೆನ್ನೂರು ಹೊರಗಿನವರಿಗೆ ಪುಷ್ಕರಣಿಯಿಂದ ಪರಿಚಯ. ಚನ್ನಗಿರಿ ತಾಲ್ಲೂಕಿನ ಈ ಹೋಬಳಿ ಕೇಂದ್ರದ ಸುತ್ತಮುತ್ತಲಿನವರ ಬದುಕು ಮಾತ್ರ ಅಡಿಕೆ, ಮೆಕ್ಕೆಜೋಳ, ಭದ್ರಾ ನಾಲೆ, ಕೊಳವೆಬಾವಿಗಳ ಮೇಲೆ ನಿಂತಿದೆ. ಇವುಗಳಲ್ಲಿ ಒಂದೊಂದರ ಬಗ್ಗೆಯೂ ದಿಲ್ಲಿಯಲ್ಲೋ ಬೆಂಗಳೂರಿನಲ್ಲೋ ತೀರ್ಮಾನವಾಗುತ್ತದೆ. ಆ ತೀರ್ಮಾನ ಊರಿಗೆ ಬರುವಷ್ಟರಲ್ಲಿ ಒಂದು ಪದವಾಗಿರುತ್ತದೆ. ಆ ಪದ ಕೇಳಲು ಚೆನ್ನಾಗಿರುತ್ತದೆ, ಅರ್ಥ ಮಾತ್ರ ಜಾರಿಕೊಂಡಿರುತ್ತದೆ.

'ಕನಿಷ್ಠ ಬೆಲೆ': ಯಾರಿಗೆ ಕೊಟ್ಟ ಮಾತು?

ಅಡಿಕೆಯಿಂದಲೇ ಶುರು ಮಾಡೋಣ. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ 'ಕನಿಷ್ಠ ಆಮದು ಬೆಲೆ'ಯನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿತು. ವಿಧಾನಸಭೆ ಚುನಾವಣೆಗೆ ಮೂರು ತಿಂಗಳು ಬಾಕಿ ಇತ್ತು. ಅಡಿಕೆ ಬೆಳೆಗಾರರಿಗೆ ಸಿಹಿಸುದ್ದಿ ಎಂಬ ಪ್ರಚಾರ ನಡೆಯಿತು.

ಈ ಮೂರು ಪದಗಳನ್ನು ಸಾವಕಾಶ ಓದಿ. ನಮ್ಮ ಕಿವಿಗೆ ಪರಿಚಯ ಇರೋದು 'ಕನಿಷ್ಠ ಬೆಂಬಲ ಬೆಲೆ'. ಭತ್ತಕ್ಕೆ, ರಾಗಿಗೆ, ಮೆಕ್ಕೆಜೋಳಕ್ಕೆ ಸರ್ಕಾರ ಘೋಷಿಸೋದು ಅದು. ಬೆಂಬಲ ಬೆಲೆ ಎಂದರೆ ಕಾಗದದ ಮೇಲಾದರೂ ರೈತನಿಗೆ ಕೊಟ್ಟ ಮಾತು. ಆಮದು ಬೆಲೆ ರೈತನಿಗೆ ಕೊಟ್ಟ ಮಾತಲ್ಲ. ಇಷ್ಟಕ್ಕಿಂತ ಕಡಿಮೆ ಬೆಲೆ ತೋರಿಸಿ ಹೊರದೇಶದ ಅಡಿಕೆ ತರುವಂತಿಲ್ಲ ಅಂತ ವ್ಯಾಪಾರಿಗೆ ಹಾಕಿದ ಷರತ್ತು ಅದು. ಮಂಡಿಯಲ್ಲಿ ರಾಶಿ ಅಡಿಕೆ ಬೆಲೆ ಬಿದ್ದರೆ ಈ 351ನ್ನು ಹಿಡಿದುಕೊಂಡು ಯಾವ ಕಚೇರಿಗೂ ಹೋಗೋ ಹಾಗಿಲ್ಲ. ಆ ಬೆಲೆಗೆ ಸರ್ಕಾರ ಅಡಿಕೆ ಕೊಳ್ಳುವುದಿಲ್ಲ.

ಹಾಗಂತ ಷರತ್ತಿನಿಂದ ಲಾಭವೇ ಇಲ್ಲ ಅಂತಲ್ಲ. ಅಗ್ಗದ ಅಡಿಕೆ ಒಳಬರುವುದನ್ನು ಅದು ಸ್ವಲ್ಪ ತಡೆಯುತ್ತದೆ. ಆದರೆ ಅದಕ್ಕೂ ನಾಲ್ಕೈದು ತಿಂಗಳ ಮುಂಚೆ, 2022ರ ಸೆಪ್ಟೆಂಬರ್‌ನಲ್ಲಿ, ಇದೇ ಸರ್ಕಾರ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ಕೊಟ್ಟಿತ್ತು. ಬಾಗಿಲಿಗೆ ಬೀಗ ಹಾಕಿದ್ದನ್ನು ವೇದಿಕೆಯಲ್ಲಿ ಹೇಳಿದರು. ಪಕ್ಕದ ಕಿಟಕಿ ತೆಗೆದದ್ದು ಇಂಗ್ಲಿಷಿನ ಅಧಿಸೂಚನೆಯಲ್ಲಿ ಉಳಿಯಿತು.

ಆರೋಗ್ಯದ ವಿಷಯಕ್ಕೆ ಬಂದರೆ ಮಂಜು ಇನ್ನೂ ದಟ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎರಡು ದಶಕಗಳ ಹಿಂದೆಯೇ ಅಡಿಕೆಯನ್ನು 'ಗುಂಪು 1'ಕ್ಕೆ ಸೇರಿಸಿದೆ. ಗುಂಪು 1 ಅಂದರೆ, ಈ ವಸ್ತು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ ಎಂದು. ಎಷ್ಟು ತಿಂದರೆ ಎಷ್ಟು ಅಪಾಯ ಎಂಬುದನ್ನು ಆ ಗುಂಪು ಹೇಳುವುದಿಲ್ಲ. ತಂಬಾಕು, ಮದ್ಯ, ಬಿಸಿಲು ಕೂಡ ಅದೇ ಗುಂಪಿನಲ್ಲಿವೆ. ಈ ಸರಳ ವ್ಯತ್ಯಾಸವನ್ನು ಬೆಳೆಗಾರರಿಗೆ ಬಿಡಿಸಿ ಹೇಳುವ ಧೈರ್ಯ ಯಾವ ಪಕ್ಷದವರಿಗೂ ಇಲ್ಲ. ಅದರ ಬದಲು 'ಸಂಶೋಧನೆ ನಡೆಸಿ, ಅಡಿಕೆಗೆ ಅಂಟಿದ ಕಳಂಕ ತೊಡೆಯಲಾಗುವುದು' ಎಂಬ ಮಾತು ಚುನಾವಣೆಯಿಂದ ಚುನಾವಣೆಗೆ ಸಾಗುತ್ತಿದೆ. ಸಂಶೋಧನೆ ಶುರುವಾಗುವ ಮುಂಚೆಯೇ ಫಲಿತಾಂಶ ಘೋಷಿಸುವ ವಾಕ್ಯ ಅದು. ಇದರಿಂದ ನಷ್ಟ ಆಗೋದು ಯಾರಿಗೆ? ಮುಂದಿನ ಇಪ್ಪತ್ತು ವರ್ಷ ನಂಬಿಕೊಂಡು ಇವತ್ತು ಗದ್ದೆ ತೆಗೆದು ಸಸಿ ನೆಡುತ್ತಿರುವವರಿಗೆ. ನಾಳೆ ಕಾನೂನು ಬಿಗಿಯಾದರೆ ಅವರಿಗೆ ಪರ್ಯಾಯ ಏನು ಎಂಬ ನಿಜವಾದ ಚರ್ಚೆ ಶುರುವೇ ಆಗುವುದಿಲ್ಲ.

ಇನ್ನು ವಿಮೆ. ಅಡಿಕೆಗೆ ಇರೋದು 'ಹವಾಮಾನ ಆಧಾರಿತ ಬೆಳೆ ವಿಮೆ'. ಹೆಸರಿನ ಕೊನೆಯ ಎರಡು ಪದ ಕೇಳಿದರೆ ಬೆಳೆ ಹೋದರೆ ದುಡ್ಡು ಬರುತ್ತೆ ಅಂತ ಅನ್ನಿಸುತ್ತದೆ. ಮೊದಲ ಎರಡು ಪದಗಳಲ್ಲಿ ಕಥೆ ಇರೋದು. ಪರಿಹಾರ ಸಿಗೋದು ನಿಮ್ಮ ತೋಟದ ನಷ್ಟ ನೋಡಿ ಅಲ್ಲ. ನಿಮ್ಮ ಭಾಗಕ್ಕೆ ಗೊತ್ತುಮಾಡಿದ ಮಳೆಮಾಪನ ಕೇಂದ್ರದಲ್ಲಿ ದಾಖಲಾದ ಮಳೆ, ತೇವಾಂಶದ ಅಂಕಿಗಳನ್ನು ಮೊದಲೇ ನಿಗದಿಯಾದ ಕೋಷ್ಟಕದ ಜತೆ ಹೋಲಿಸಿ ಕೊಡುತ್ತಾರೆ. ಕೊಳೆರೋಗದಿಂದ ಗೊನೆಯೆಲ್ಲ ಉದುರಿ, ಮಾಪನದ ಅಂಕಿ ಮಾತ್ರ ಮಿತಿಯೊಳಗಿದ್ದರೆ ಪರಿಹಾರ ಇಲ್ಲ. ಪಕ್ಕದ ಪಂಚಾಯ್ತಿಯವನಿಗೆ ಬಂತು, ನನಗ್ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಪ್ರತಿ ವರ್ಷ ಏಳೋದು ಇದಕ್ಕೇ. ವಿಮಾ ಮೊತ್ತದ ಶೇ 5ರಷ್ಟು ಕಂತು ಕಟ್ಟುವ ದಿನ ಆ ಕೋಷ್ಟಕವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೈಗೆ ಕೊಟ್ಟರೆ ಅರ್ಧ ಗೊಂದಲ ಇರುತ್ತಿರಲಿಲ್ಲ.

'ತುಂಬಿಸುವುದು' ಅಂದರೆ ಎಷ್ಟು?

ಚನ್ನಗಿರಿಯಿಂದ ಅದೇ ಜಿಲ್ಲೆಯ ಜಗಳೂರಿಗೆ ಹೋದರೆ ಅಡಿಕೆಯ ಹಸಿರು ಮುಗಿದು ಬರದ ನಾಡು ಶುರುವಾಗುತ್ತದೆ. ಇಲ್ಲಿನ ದೊಡ್ಡ ಪದ 'ಭದ್ರಾ ಮೇಲ್ದಂಡೆ'.

ಯೋಜನೆ ಏನು ಹೇಳುತ್ತದೆ? ತುಂಗಾದಿಂದ 17.4 ಟಿಎಂಸಿ ನೀರನ್ನು ಭದ್ರಾಕ್ಕೆ ಎತ್ತಿ, ಭದ್ರಾದಿಂದ 29.9 ಟಿಎಂಸಿ ನೀರನ್ನು ಅಜ್ಜಂಪುರದ ಸುರಂಗದ ಮೂಲಕ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಒಣಪ್ರದೇಶಕ್ಕೆ ಕೊಡುವುದು. 2,25,515 ಹೆಕ್ಟೇರ್‌ಗೆ ನೀರಾವರಿ, 367 ಕೆರೆಗಳಿಗೆ ನೀರು. ಜಗಳೂರಿನ ಜನ ಇದನ್ನು ಕೇಳಿ ಕಣ್ಮುಂದೆ ತಂದುಕೊಂಡದ್ದು ನಾಲೆ. ಹರಿಹರ, ಚನ್ನಗಿರಿ ಕಡೆ ಗದ್ದೆಗೆ ಹರಿಯುತ್ತದಲ್ಲ, ಅಂಥ ನಾಲೆ.

ಕಾಗದದಲ್ಲಿ ಇರುವ ಪದ 'ಸೂಕ್ಷ್ಮ ನೀರಾವರಿ'. ಅಂದರೆ ಡ್ರಿಪ್. ಲೆಕ್ಕ ಹಾಕಿ ನೋಡಿ: 29.9 ಟಿಎಂಸಿಯನ್ನು ಒಂದು ಹನಿಯೂ ಪೋಲಾಗದಂತೆ, ಕೆರೆಗಳಿಗೂ ಬಿಡದೆ, ಅಷ್ಟೂ ಹೆಕ್ಟೇರ್ ಮೇಲೆ ಸಮನಾಗಿ ಹರಡಿದರೂ ನೀರಿನ ಎತ್ತರ ಒಂದೂಕಾಲು ಅಡಿಗಿಂತ ಕಡಿಮೆ. ವರ್ಷಕ್ಕೆ ಅಷ್ಟೇ. ಅದರಲ್ಲಿ ಭತ್ತ ಬೆಳೆಯಲು ಆಗಲ್ಲ. ಮಳೆ ಕೈಕೊಟ್ಟಾಗ ಶೇಂಗಾ, ಮೆಕ್ಕೆಜೋಳ ಉಳಿಸಿಕೊಳ್ಳಬಹುದು. ಅದು ಸಣ್ಣ ಮಾತಲ್ಲ, ಬರದ ನಾಡಿಗೆ ಅದೇ ಜೀವ. ಆದರೆ ಹಾಗಂತಲೇ ಹೇಳಬಹುದಿತ್ತಲ್ಲ?

ಇನ್ನೊಂದು ಪದ 'ಕೆರೆ ತುಂಬಿಸುವುದು'. ಯೋಜನೆಯ ವಿವರದಲ್ಲಿ ಆ 367 ಕೆರೆಗಳಿಗೆ ಇರುವ ಗುರಿ, ಸಾಮರ್ಥ್ಯದ ಶೇ 50. ಅರ್ಧ ಲೋಟ ಹಾಲು ಕೊಟ್ಟು 'ತುಂಬಿಸಿದ್ದೀನಿ' ಅಂದರೆ ಮನೆಯಲ್ಲಿ ಮಕ್ಕಳೂ ಒಪ್ಪಲ್ಲ. ಸರ್ಕಾರಿ ಕನ್ನಡದಲ್ಲಿ ಮಾತ್ರ ಅರ್ಧವೂ ತುಂಬಿದ್ದೇ.

ಇನ್ನು 'ರಾಷ್ಟ್ರೀಯ ಯೋಜನೆ'. 2022ರ ಫೆಬ್ರುವರಿಯಲ್ಲಿ ಕೇಂದ್ರ ಜಲಶಕ್ತಿ ಸಚಿವಾಲಯದ ಉನ್ನತಾಧಿಕಾರ ಸಮಿತಿ ಭದ್ರಾ ಮೇಲ್ದಂಡೆಗೆ ಆ ಸ್ಥಾನ ಕೊಡಬಹುದು ಅಂತ ಶಿಫಾರಸು ಮಾಡಿತು. ಅಂತಿಮವಾಗಿ ಒಪ್ಪಬೇಕಾದದ್ದು ಕೇಂದ್ರ ಸಚಿವ ಸಂಪುಟ. ಆದರೆ ಶಿಫಾರಸಿಗೂ ಘೋಷಣೆಗೂ ನಡುವಿನ ಅಂತರ ವೇದಿಕೆಗಳಲ್ಲಿ ಮಾಯವಾಯಿತು. 2023ರ ಫೆಬ್ರುವರಿ 1ರ ಬಜೆಟ್ ಭಾಷಣದಲ್ಲಿ ನಿರ್ಮಲಾ ಸೀತಾರಾಮನ್ 5,300 ಕೋಟಿ ರೂಪಾಯಿ ನೆರವು ಘೋಷಿಸಿದರು. ಯಾವ ವರ್ಷ ಎಷ್ಟು ಕೊಡುತ್ತೇವೆ ಎಂಬುದು ಆ ವಾಕ್ಯದಲ್ಲಿ ಇರಲಿಲ್ಲ. ಆ ಬಳಿಕದ ಬಜೆಟ್‌ಗಳು ಬಂದುಹೋದವು. ಹಣ ಬರಲಿಲ್ಲ ಎಂದು ರಾಜ್ಯದ ಕಾಂಗ್ರೆಸ್ ಸರ್ಕಾರ ಹೇಳುತ್ತಲೇ ಬಂತು. ದಿಲ್ಲಿ ಬೆಂಗಳೂರಿನ ಕಡೆ, ಬೆಂಗಳೂರು ದಿಲ್ಲಿಯ ಕಡೆ ಬೆರಳು ತೋರಿಸಿದವು. ಘೋಷಣೆ ಸುಳ್ಳಾಗಿರಲಿಲ್ಲ, ದಿನಾಂಕ ಇಲ್ಲದ್ದಾಗಿತ್ತು. ದಿನಾಂಕ ಇಲ್ಲದ ಮಾತಿಗೆ ತಪ್ಪಿದ್ದೀರಿ ಅಂತ ಹೇಗೆ ಹೇಳುತ್ತೀರಿ?

ಈ ಮಂಜಿನ ಬೆಲೆಯನ್ನು ರೈತರು ರೈತರ ವಿರುದ್ಧ ನಿಂತು ತೆರುತ್ತಾರೆ. 2025ರ ಜೂನ್‌ನಲ್ಲಿ ಹೊಸದುರ್ಗ, ತರೀಕೆರೆ ಭಾಗದ ಕುಡಿಯುವ ನೀರಿನ ಯೋಜನೆಗೆ ಭದ್ರಾ ಬಲದಂಡೆ ನಾಲೆಯನ್ನು ಸೀಳುತ್ತಾರೆ ಅಂತ ದಾವಣಗೆರೆಯ ಅಚ್ಚುಕಟ್ಟು ರೈತರು ಬೀದಿಗಿಳಿದರು. ಒಂದು ಕಡೆಯವರಿಗೆ ಅದು ಕುಡಿಯುವ ನೀರು, ಇನ್ನೊಂದು ಕಡೆಯವರಿಗೆ ಗದ್ದೆಯ ನೀರು. ಯಾವ ತಿಂಗಳು, ಯಾವ ಮಟ್ಟದಿಂದ, ಎಷ್ಟು ನೀರು ತೆಗೆಯುತ್ತೇವೆ ಅಂತ ಕೆಲಸ ಶುರುವಾಗುವ ಮುಂಚೆಯೇ ಹಳ್ಳಿ ಹಳ್ಳಿಯಲ್ಲಿ ಬಿಡಿಸಿ ಹೇಳಿದ್ದರೆ ಜಗಳ ಪೂರ್ತಿ ನಿಲ್ಲುತ್ತಿರಲಿಲ್ಲ. ಆದರೆ ಅಂಕಿಗಳ ಮೇಲೆ ನಡೆಯುತ್ತಿತ್ತು, ಅನುಮಾನದ ಮೇಲೆ ಅಲ್ಲ.

ಪಹಣಿಯಲ್ಲಿ ನಿಮ್ಮದು, ಪಟ್ಟಿಯಲ್ಲಿ ಅರಣ್ಯದ್ದು

ಜಮೀನಿನ ಭಾಷೆ ಬಗ್ಗೆ ಹೇಳೋದೇ ಬೇಡ. ಪಹಣಿ, ಪೋಡಿ, ಆಕಾರಬಂದ್, ಹದ್ದುಬಸ್ತು, ಖರಾಬು, ಬಗರ್‌ಹುಕುಂ ಇವೆಲ್ಲ ಹಳೆಯ ಆಡಳಿತಗಳು ಬಿಟ್ಟುಹೋದ ಪದಗಳು. ಪದ ಹೊರಗಿನಿಂದ ಬಂದದ್ದೇ ಸಮಸ್ಯೆ ಎಂದು ನಾನು ಹೇಳುತ್ತಿಲ್ಲ. ಶಾಲೆಗೇ ಹೋಗದ ಅಜ್ಜನಿಗೂ ಪಹಣಿ, ಪೋಡಿ ಗೊತ್ತು. ಬಳಸಿ ಬಳಸಿ ಅವು ಕನ್ನಡವೇ ಆಗಿವೆ. ಕಷ್ಟ ಕೊಡೋದು ಹೊಸದಾಗಿ ಕಟ್ಟಿದ ಪದಗಳು.

'ಪರಿಭಾವಿತ ಅರಣ್ಯ' ಅಂತ ಒಂದಿದೆ. ಇಂಗ್ಲಿಷಿನ 'ಡೀಮ್ಡ್ ಫಾರೆಸ್ಟ್'ನ ಕನ್ನಡ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ, ಒಡೆತನ ಯಾರದ್ದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡು ಎನ್ನುವಂಥದ್ದೆಲ್ಲ ಕಾಡೇ ಎಂದಿತು. ಕಾಡು ಉಳಿಸಲು ಅದು ದೊಡ್ಡ ತೀರ್ಪು, ಅನುಮಾನವಿಲ್ಲ. ಆಮೇಲೆ ಕರ್ನಾಟಕದಲ್ಲಿ ಸುಮಾರು 9.94 ಲಕ್ಷ ಹೆಕ್ಟೇರ್‌ನ ಪಟ್ಟಿ ತಯಾರಾಯಿತು. 2022ರಲ್ಲಿ ಅದನ್ನು ಸುಮಾರು 3.3 ಲಕ್ಷ ಹೆಕ್ಟೇರ್‌ಗೆ ಇಳಿಸಿ ಅಧಿಸೂಚನೆ ಹೊರಟಿತು. ಒಂದೇ ಪದ, ಆರೂವರೆ ಲಕ್ಷ ಹೆಕ್ಟೇರ್ ವ್ಯತ್ಯಾಸ. ಅಷ್ಟೂ ವರ್ಷ ಆ ಪಟ್ಟಿಯೊಳಗಿನ ಜಾಗದಲ್ಲಿ ಉಳುಮೆ ಮಾಡುತ್ತಿದ್ದವರಿಗೆ ತಾವು ಕಾಡಿನಲ್ಲಿದ್ದೇವೋ ಊರಿನಲ್ಲಿದ್ದೇವೋ ಗೊತ್ತಿರಲಿಲ್ಲ. ಇದರಲ್ಲಿ ಕಾಡಿಗೂ ಲಾಭವಿಲ್ಲ, ರೈತನಿಗೂ ಲಾಭವಿಲ್ಲ. ಗಡಿ ಮಸುಕಾಗಿದ್ದಷ್ಟೂ ಲಾಭ ಗಡಿ ತೋರಿಸುವ ಅಧಿಕಾರ ಇದ್ದವರಿಗೆ.

ಬಗರ್‌ಹುಕುಂ ಸಾಗುವಳಿದಾರರಿಗೆ ಪದವೂ ಸಿಗಲಿಲ್ಲ, ಸಂಖ್ಯೆ ಸಿಕ್ಕಿತು. 1990ರ ದಶಕದ ಶುರುವಿನಲ್ಲಿ ಫಾರಂ 50, ಆ ದಶಕದ ಕೊನೆಗೆ ಫಾರಂ 53, 2018ರಲ್ಲಿ ಫಾರಂ 57. ಅಪ್ಪ 50ರಲ್ಲಿ, ಮಗ 53ರಲ್ಲಿ, ಮೊಮ್ಮಗ 57ರಲ್ಲಿ ಅರ್ಜಿ ಹಾಕಿ ಕೂತ ಮನೆಗಳಿವೆ. ಅರ್ಜಿ ತಿರಸ್ಕಾರವಾದರೆ ಬರುವ ಉತ್ತರದ ಧಾಟಿ ಗೊತ್ತಲ್ಲ: 'ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ನಿಯಮಾನುಸಾರ ಅವಕಾಶವಿಲ್ಲದಿರುವುದರಿಂದ ವಿಲೇಗೊಳಿಸಲಾಗಿದೆ.' ಯಾವ ನಿಯಮ? ಏನು ಕೊರತೆ? ಮೇಲ್ಮನವಿ ಎಲ್ಲಿ? ಸದ್ದಿಲ್ಲ.

ಮಾಡುವವನೇ ಇಲ್ಲದ ವಾಕ್ಯ

ಆ ಉತ್ತರವನ್ನು ಇನ್ನೊಮ್ಮೆ ಓದಿ. ಪರಿಶೀಲಿಸಿದ್ದು ಯಾರು? ವಿಲೇ ಮಾಡಿದ್ದು ಯಾರು? ವಾಕ್ಯದಲ್ಲಿ ಮನುಷ್ಯರೇ ಇಲ್ಲ. ನಮ್ಮ ಶಾಲೆಯ ವ್ಯಾಕರಣದಲ್ಲಿ ಇದಕ್ಕೆ ಕರ್ಮಣಿ ಪ್ರಯೋಗ ಅಂತಿದ್ದರು. ಆಡುಮಾತಿನಲ್ಲಿ ನಾವು ಇದನ್ನು ಬಳಸೋದೇ ಅಪರೂಪ. 'ಅಡುಗೆ ಮಾಡಲಾಗುವುದು' ಅಂತ ಯಾವ ಅಮ್ಮನೂ ಹೇಳಲ್ಲ, 'ಮಾಡ್ತೀನಿ ಇರು' ಅಂತಾಳೆ. ಆದರೆ ಕಚೇರಿ ಕನ್ನಡದಲ್ಲಿ ಎಲ್ಲವೂ 'ಲಾಗುವುದು', 'ಲಾಗಿದೆ'. ಕ್ರಮ ಕೈಗೊಳ್ಳಲಾಗುವುದು, ಪರಿಹಾರ ಒದಗಿಸಲಾಗುವುದು, ಗಮನಕ್ಕೆ ತರಲಾಗಿದೆ. ಕರ್ತೃ ಇಲ್ಲದ ಕಡೆ ಹೊಣೆಯೂ ಇಲ್ಲ.

ಇದು ಉದ್ದೇಶಪೂರ್ವಕ ಅಂತ ಹೇಗೆ ಹೇಳ್ತೀರಿ, ಗುಮಾಸ್ತರು ಹಳೆ ಫೈಲ್ ನೋಡಿ ನಕಲು ಮಾಡ್ತಾರೆ ಅಷ್ಟೇ ಅಲ್ವಾ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಬ್ಬ ಗುಮಾಸ್ತನ ಮನಸ್ಸಿನೊಳಗೆ ಇಣುಕಲು ನಮಗೆ ಆಗಲ್ಲ, ಬೇಕಾಗಿಯೂ ಇಲ್ಲ. ಬೇರೆ ಪರೀಕ್ಷೆ ಇದೆ. ಗೊಂದಲವನ್ನು ಜನ ತೋರಿಸಿಕೊಟ್ಟ ಮೇಲೂ ಅದು ಸರಿಯಾಗದೆ ಉಳಿದಿದೆಯೇ? ಉಳಿದಿದ್ದರಿಂದ ಯಾವಾಗಲೂ ಒಂದೇ ಕಡೆಗೆ ಲಾಭ ಆಗುತ್ತಿದೆಯೇ? ಎರಡಕ್ಕೂ ಹೌದು ಅಂತಾದರೆ, ಶುರುವಾದದ್ದು ಸೋಮಾರಿತನದಿಂದಲೇ ಇರಬಹುದು, ಈಗ ಅದು ನೀತಿ. ಗಮನಿಸಿ: ತೆರಿಗೆ ಕಟ್ಟಬೇಕಾದ ಕೊನೆ ದಿನಾಂಕ, ದಂಡದ ಮೊತ್ತ, ಸಾಲ ವಸೂಲಿ ನೋಟಿಸು ಯಾವತ್ತೂ ಮಸುಕಾಗಿ ಬರೆದಿರಲ್ಲ. ಜನರಿಂದ ತಗೊಳ್ಳುವಾಗ ಸರ್ಕಾರಕ್ಕೆ ಸ್ಪಷ್ಟ ಕನ್ನಡ ಬರುತ್ತದೆ. ಕೊಡುವಾಗಷ್ಟೇ ಮರೆತುಹೋಗುತ್ತದೆ.

ಕಷ್ಟದ ಭಾಷೆಯೆಲ್ಲ ಮೋಸ ಅಂತಲೂ ಅಲ್ಲ. ಇಲ್ಲಿಂದ ದೂರವೇನಿಲ್ಲದ ಶಿಕಾರಿಪುರ ಸೀಮೆಯ ಬಳ್ಳಿಗಾವಿಯವನು ಎನ್ನುವ ಅಲ್ಲಮ ಬೆಡಗಿನ ವಚನ ಬರೆದ. ಅವು ಸುಲಭಕ್ಕೆ ಬಿಟ್ಟುಕೊಡಲ್ಲ. ಆದರೆ ಅರ್ಥವಾಗದೇ ಹೋದರೆ ಯಾರ ಜಮೀನೂ ಹೋಗಲ್ಲ. ಅಲ್ಲಿ ಕಷ್ಟ ಇರೋದು ವಿಷಯದಲ್ಲೇ. ಅದೇ ಶರಣರು ದೇವರು, ಕಾಯಕ, ಜಾತಿಯಂಥ ಎಲ್ಲರಿಗೂ ಸೇರಿದ ವಿಷಯವನ್ನು ಸಂಸ್ಕೃತದ ಬೇಲಿ ದಾಟಿಸಿ ಬೀದಿಯ ಕನ್ನಡಕ್ಕೆ ತಂದರು. ತಿಳಿವಳಿಕೆಯನ್ನು ಕೆಲವರ ಸೊತ್ತಾಗಿ ಇಟ್ಟುಕೊಳ್ಳುವುದು ಅಧಿಕಾರದ ಹಳೆಯ ದಾರಿ ಎಂದು ಹನ್ನೆರಡನೇ ಶತಮಾನದಲ್ಲೇ ಅವರಿಗೆ ಗೊತ್ತಿತ್ತು. ಇಂಗ್ಲಿಷಿನಲ್ಲಿ ಜಾರ್ಜ್ ಆರ್ವೆಲ್ 1946ರಲ್ಲಿ ರಾಜಕೀಯ ಮತ್ತು ಭಾಷೆಯ ಬಗ್ಗೆ ಪ್ರಬಂಧ ಬರೆದು ಇದೇ ರೋಗವನ್ನು ಗುರುತಿಸಿದ.

ಕನ್ನಡದಲ್ಲಿದೆ, ಆದರೆ ಯಾರ ಕನ್ನಡದಲ್ಲಿ?

ಕರ್ನಾಟಕಕ್ಕೆ 1963ರಿಂದ ರಾಜಭಾಷಾ ಕಾಯ್ದೆ ಇದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಇದೆ. 2024ರಲ್ಲಿ ಅಂಗಡಿ ಫಲಕಗಳಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಕನ್ನಡದ ಹೋರಾಟ ಬೋರ್ಡಿನ ಅಳತೆಯಲ್ಲೇ ನಿಂತರೆ, ಅರ್ಥವಾಗದ ಇಂಗ್ಲಿಷಿನ ಜಾಗಕ್ಕೆ ಅರ್ಥವಾಗದ ಕನ್ನಡ ಬಂದು ಕೂರುತ್ತದೆ. ಜತೆಗೆ ಸಂವಿಧಾನದ 348ನೇ ವಿಧಿಯ ಪ್ರಕಾರ, ರಾಜ್ಯದ ಕಾನೂನನ್ನು ಕನ್ನಡದಲ್ಲಿ ಮಾಡಿದರೂ ಅಧಿಕೃತವೆನಿಸುವುದು ಅದರ ಇಂಗ್ಲಿಷ್ ಪಠ್ಯ. ಅಂದರೆ ಕನ್ನಡದ ಪ್ರತಿ ನೋಡಲಿಕ್ಕೆ, ವಾದಕ್ಕೆ ಇಂಗ್ಲಿಷಿನದು. ಅಮೆರಿಕ 2010ರಲ್ಲಿ, ಕೇಂದ್ರ ಸರ್ಕಾರದ ಕಚೇರಿಗಳು ಜನರಿಗೆ ಅರ್ಥವಾಗುವಂತೆ ಬರೆಯಬೇಕು ಎಂದೇ ಕಾಯ್ದೆ ಮಾಡಿತು. ಕನ್ನಡದಲ್ಲಿ ಬರೆಯಬೇಕು ಅಂತ ನಮ್ಮಲ್ಲಿ ಕಾಯ್ದೆ ಇದೆ. ತಿಳಿಯುವಂತೆ ಬರೆಯಬೇಕು ಅಂತ ಒತ್ತಾಯಿಸುವ ಹೋರಾಟ ಇನ್ನೂ ಹುಟ್ಟಿಲ್ಲ.

ನಮ್ಮ ಕಡೆಗೂ ಒಂದು ಮಾತು. ಪ್ರಭುತ್ವದ ಭಾಷೆಯನ್ನು ಟೀಕಿಸುವ ನಮ್ಮ ಬರಹ, ಭಾಷಣಗಳು ಹೇಗಿವೆ? 'ನವ ಉದಾರವಾದಿ ಕಥನದ ಯಜಮಾನಿಕೆಯನ್ನು ಮುರಿಯುವ ಪ್ರತಿಸಂಕಥನ' ಅಂತ ವೇದಿಕೆ ಮೇಲೆ ಹೇಳಿದರೆ ಸಂತೇಬೆನ್ನೂರಿನ ಬೆಳೆಗಾರ ಕೈಮುಗಿದು ಎದ್ದುಹೋಗುತ್ತಾನೆ. ವಿಚಾರ ಸಂಕಿರಣದಲ್ಲಿ ಆ ಪದಗಳಿಗೆ ಕೆಲಸ ಇರಬಹುದು, ಊರಿನಲ್ಲಿ ಅದು ನಮ್ಮದೇ ಟವೆಲ್. 1980ರ ದಶಕದಲ್ಲಿ ರೈತ ಸಂಘದವರು ಏನು ಮಾಡಿದ್ದರು ನೆನಪಿಸಿಕೊಳ್ಳಿ. ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರುವಂತಿಲ್ಲ ಎಂದು ಹಳ್ಳಿಯ ಬಾಗಿಲಲ್ಲೇ ಬೋರ್ಡ್ ಹಾಕಿದ್ದರು. ಯಾರು, ಏನು ಮಾಡಬಾರದು ಎಂಬುದು ಆ ಒಂದು ಸಾಲಿನಲ್ಲಿ ಇತ್ತು. ಅದನ್ನು ಓದಲು ಯಾರಿಗೂ ದಲ್ಲಾಳಿ ಬೇಕಾಗಿರಲಿಲ್ಲ.

ಕೇಳಬೇಕಾದ್ದು ಮೂರೇ ಪ್ರಶ್ನೆ

ಕಾನೂನು ನಮ್ಮ ಕೈಗೆ ಏನೂ ಕೊಟ್ಟಿಲ್ಲ ಅಂತಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ಅರ್ಜಿ ಹಾಕಿ ಮಾಹಿತಿ ಪಡೆಯುವುದು ಅಂತಷ್ಟೇ ತಿಳಿದಿದ್ದೇವೆ. ಅದರ ಕಲಂ 4(1)(ಡಿ) ಓದಿ. ಆಡಳಿತಾತ್ಮಕ ತೀರ್ಮಾನದಿಂದ ತೊಂದರೆಗೆ ಒಳಗಾದವರಿಗೆ ಅದರ ಕಾರಣ ಕೊಡುವುದು ಕಚೇರಿಯ ಕರ್ತವ್ಯ. ಕಲಂ 4(4) ಪ್ರಕಾರ ಮಾಹಿತಿ ಪ್ರಚಾರ ಮಾಡುವಾಗ ಸ್ಥಳೀಯ ಭಾಷೆ, ಆ ಭಾಗಕ್ಕೆ ಹೆಚ್ಚು ತಲುಪುವ ವಿಧಾನ ಎರಡನ್ನೂ ಪರಿಗಣಿಸಬೇಕು. 'ನಿಯಮಾನುಸಾರ ಅವಕಾಶವಿಲ್ಲ' ಎಂಬ ಒಂದು ಸಾಲಿನ ಹಿಂಬರಹ ಬಂದರೆ ಈ ಎರಡು ಕಲಂ ಬರೆದು ಅದೇ ಕಚೇರಿಗೆ ವಾಪಸ್ ಕಳಿಸಬಹುದು. ಇದಕ್ಕೆ ವಕೀಲರು ಬೇಕಿಲ್ಲ, ಓದು ಬರಹ ಬಲ್ಲ ಊರಿನ ಇಬ್ಬರು ಹುಡುಗ ಹುಡುಗಿಯರು ಸಾಕು.

ಗ್ರಾಮಸಭೆಯಲ್ಲಿ, ಶಾಸಕರ ಜನಸ್ಪಂದನದಲ್ಲಿ, ಪ್ರಣಾಳಿಕೆ ಹಿಡಿದು ಮನೆಗೆ ಬಂದವರ ಮುಂದೆ ಮೂರೇ ಪ್ರಶ್ನೆ ಕೇಳಿ: ಯಾರು? ಎಷ್ಟು? ಯಾವತ್ತಿನೊಳಗೆ? 'ಭದ್ರಾ ಮೇಲ್ದಂಡೆಗೆ ಬದ್ಧ' ಅಂದರೆ ಈ ವರ್ಷ ಎಷ್ಟು ಕೋಟಿ, ಯಾರ ಬಜೆಟ್‌ನಿಂದ? 'ಅಡಿಕೆ ಬೆಳೆಗಾರರ ಹಿತ ಕಾಯುತ್ತೇವೆ' ಅಂದರೆ ಬೆಲೆ ಎಷ್ಟಕ್ಕೆ ಇಳಿದರೆ ಸರ್ಕಾರ ಕೊಳ್ಳುತ್ತದೆ? 'ಬಗರ್‌ಹುಕುಂ ಇತ್ಯರ್ಥ' ಅಂದರೆ ಈ ಹೋಬಳಿಯ ಎಷ್ಟು ಅರ್ಜಿ, ಯಾವ ತಿಂಗಳೊಳಗೆ? ಉತ್ತರದಲ್ಲಿ ಒಂದು ಹೆಸರು, ಒಂದು ಅಂಕಿ, ಒಂದು ದಿನಾಂಕ ಇರಬೇಕು. ಮೂರೂ ಇದ್ದರೆ ಬರೆದಿಟ್ಟುಕೊಳ್ಳಿ, ಮುಂದಿನ ಸಲ ತೋರಿಸಲು ಬೇಕಾಗುತ್ತದೆ. ಒಂದೂ ಇಲ್ಲದಿದ್ದರೆ, ಕೇಳಿದ್ದು ಭಾಷಣ ಅಂತ ಸಭೆಯಲ್ಲೇ ಎದ್ದು ನಿಂತು ಹೇಳಿ.